ಮುಳುಗಿದ ಕಂದು ಚೂರು

ಬಿಳಿ ಚೂರು ತೇಲಿತು. ಕಂದು ಚೂರು ಮುಳುಗಿತು.

ಸೀಸೆ ಮೇಷ್ಟ್ರು ಬಕೆಟ್ಟಿನ ಮೇಲೆ ಬಗ್ಗಿ ಎರಡನ್ನೂ ನೋಡಿದರು. ಒಂದೇ ಮುದ್ದೆಯಿಂದ ಗರಗಸದಲ್ಲಿ ಕೊಯ್ದು ತೆಗೆದ ಚೂರುಗಳು. ಈಗ ತಾನೇ ಬೆನ್ನಿಗೆ ಬೆನ್ನು ಅಂಟಿಸಿಕೊಂಡಿದ್ದವು. ನೀರಿಗೆ ಬಿದ್ದದ್ದೇ ತಡ, ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದು ಮೇಲಕ್ಕೆ, ಒಂದು ತಳಕ್ಕೆ.

"ಅದಕ್ಕೆ ಮಣ್ಣು ಮೆತ್ತಿರ್ಬೇಕು ಮೇಷ್ಟ್ರೇ. ಭಾರಕ್ಕೆ ಹೋಗಿದೆ," ಎಂದಳು ದೊಡ್ಡಣ್ಣನ ಮಗಳು.

ಮೇಷ್ಟ್ರು ಅಂಗಿಯ ತೋಳು ಮಡಚಿ, ಕೈಯನ್ನು ನೀರಿಗಿಳಿಸಿ, ಕಂದು ಚೂರನ್ನು ಎತ್ತಿ ಅಂಗಿಯ ಅಂಚಿನಲ್ಲಿ ಉಜ್ಜಿ ಒರೆಸಿದರು. ಮತ್ತೆ ಬಿಟ್ಟರು. ಮತ್ತೆ ಮುಳುಗಿತು.

ದೊಡ್ಡಣ್ಣ ಎಂದರೆ ಅವಳ ಅಪ್ಪ. ಈ ಕಾರ್ಖಾನೆಯ ಮೂರನೇ ಮೆಷಿನ್ನಿನ ಆಪರೇಟರ್. ಒಂಬತ್ತು ದಿನದ ಹಿಂದೆ, ಊಟದ ವಿರಾಮ ಮುಗಿದು ಎರಡರ ಗಂಟೆ ಹೊಡೆದಾಗ, ಹೊರಗಿನಿಂದ ಚಿಲಕ ಹಾಕಿದ್ದ ಮೆಷಿನ್ ಕೋಣೆಯೊಳಗೆ ಹೆಣವಾಗಿ ಬಿದ್ದಿದ್ದ. ಅದೇ ಬಾಗಿಲಲ್ಲಿ ಅವನ ಜತೆ ಜಗಳವಾಡಿದ್ದ ಅಳಿಯ, ಎಂದರೆ ಇವಳ ಗಂಡ, ಈಗ ಲಾಕಪ್ಪಿನಲ್ಲಿದ್ದ. ನಾಳೆ ಬೆಳಿಗ್ಗೆ ಅವನ ಮೇಲೆ ಕೊಲೆಯ ಆರೋಪ ಹೊರಿಸುವುದೆಂದು ಇನ್ಸ್‌ಪೆಕ್ಟರು ಹೇಳಿಯಾಗಿತ್ತು.

ಹೀಗೆ ತವರೂ ಮುಗಿದು, ಮನೆಯೂ ಮುಗಿಯುವ ಹೊತ್ತಿನಲ್ಲಿ ಅವಳು ಮೇಷ್ಟ್ರ ಬಾಗಿಲು ಬಡಿದಿದ್ದಳು.

ಒಂದರ ಗಂಟೆ ಹೊಡೆಯಿತು. ಕಾರ್ಖಾನೆಯ ಒಳಗಿನಿಂದ ಕೆಲಸಗಾರರು ಊಟದ ಡಬ್ಬಿ ಹಿಡಿದು ಹಿತ್ತಲಿಗೆ ಬಂದರು. ಬೇರೆ ದಿನ ಮುಂದಿನ ಅಂಗಳದಲ್ಲಿ ಕೂರುವವರು ಇವತ್ತು ಇಲ್ಲೇ ಗೋಡೆಗೊರಗಿ ಸಾಲಾಗಿ ಕೂತರು. ಬೆಳಿಗ್ಗೆ ಮೇಷ್ಟ್ರು ಒಳಗೆ ಬಂದಾಗ ಇವರಲ್ಲೇ ಒಬ್ಬ ನಲ್ಲಿಯ ಪೈಪನ್ನು ಅವರ ಕಾಲ ಮೇಲೆ ತಿರುಗಿಸಿ, ಕೈ ಜಾರಿತು ಎಂದಿದ್ದ. ಇನ್ನೊಬ್ಬ ಅವರ ಸೈಕಲ್ಲಿನ ಎರಡೂ ಚಕ್ರದ ಗಾಳಿ ಬಿಟ್ಟಿದ್ದ. ಕಾರ್ಖಾನೆಯ ಮೇಲೆ ಕೇಸು ತಿರುಗಿದರೆ ಬಾಗಿಲಿಗೆ ಬೀಗ ಬೀಳುತ್ತದೆ, ನಲವತ್ತು ಮನೆಯ ಒಲೆ ಆರುತ್ತದೆ ಎಂಬ ಮಾತು ಅವರಲ್ಲಿ ಹರಿದಾಡುತ್ತಿತ್ತು. ಅಳಿಯನೊಬ್ಬ ಜೈಲಿಗೆ ಹೋಗುವುದು ಅವರಿಗೆ ಅದಕ್ಕಿಂತ ಹಗುರವಾಗಿ ಕಂಡಿದ್ದರೆ ಆಶ್ಚರ್ಯವೇನಿಲ್ಲ.

ಅಷ್ಟು ಜನರಲ್ಲಿ ಪ್ಯಾಕಿಂಗ್ ಅಕ್ಕ ಒಬ್ಬಳೇ ಮನುಷ್ಯರಂತೆ ನಡೆದುಕೊಂಡಿದ್ದಳು. ಐವತ್ತು ದಾಟಿದ, ಪ್ಯಾಕಿಂಗ್ ಕೋಣೆಯಲ್ಲಿ ಚೀಲ ಮಡಚಿ ಮಡಚಿ ಬೆನ್ನು ಕೊಂಚ ಬಾಗಿದ ಹೆಂಗಸು. ಮೇಷ್ಟ್ರು ಮಂಡಿ ಹಿಡಿದುಕೊಂಡು ನಿಂತದ್ದನ್ನು ಕಂಡು, ಒಂದು ಸ್ಟೂಲು ತಂದಿಟ್ಟು, ಖಾಲಿ ಚೀಲವೊಂದನ್ನು ಮಡಚಿ ಅದರ ಮೇಲೆ ಹಾಕಿ, ತಗಡು ಕಾದಿದೆ, ಹಾಗೇ ಕೂರಬೇಡಿ ಎಂದು ಹೇಳಿ ಹೋಗಿದ್ದಳು. ಗೋಡೆಯ ಸಾಲಿನವರು ಅವಳನ್ನು ಕೆಕ್ಕರಿಸಿ ನೋಡಿದ್ದರು. ಅವಳು ಲೆಕ್ಕಿಸಿರಲಿಲ್ಲ.

ಮೇಷ್ಟ್ರು ಕೂತಿರಲಿಲ್ಲ, ಸಮಯವಿರಲಿಲ್ಲ. ಎರಡು ಗಂಟೆಗೆ ಹೊಸ ಗ್ರೈಂಡರಿನವನು ಕೆಲಸಕ್ಕೆ ಬರುತ್ತಾನೆ, ಅಷ್ಟರೊಳಗೆ ಡ್ರಮ್ಮು ಬಿಟ್ಟುಕೊಡಿ ಎಂದು ಮ್ಯಾನೇಜರ್ ಕಡ್ಡಿ ಮುರಿದಂತೆ ಹೇಳಿದ್ದ.

ಆ ಡ್ರಮ್ಮಿನಲ್ಲಿದ್ದದ್ದು ಮುದ್ದೆಗಳು.

ಇಲ್ಲಿ ಕುಡಿಯುವ ನೀರಿನ ಕ್ಯಾನು ತಯಾರಾಗುತ್ತದೆ. ಸಾಬೂದಾನಿಯಂಥ ಪಾಲಿಥಿನ್ ಕಾಳುಗಳನ್ನು ಮೆಷಿನ್ನಿನ ಲಾಳಿಕೆಗೆ ಸುರಿದರೆ, ಇನ್ನೂರು ಡಿಗ್ರಿಗೆ ಕಾದ ಕೊಳವೆಯಲ್ಲಿ ಅವು ಕರಗಿ ಅಚ್ಚಿಗೆ ಹೋಗುತ್ತವೆ. ಕೆಲಸ ನಿಲ್ಲಿಸುವಾಗ ಕೊಳವೆಯಲ್ಲಿ ಉಳಿದದ್ದನ್ನು ಪೂರ್ತಿ ಹೊರಕ್ಕೆ ತಳ್ಳಬೇಕು. ಅದು ನೆಲದ ತಗಡಿನ ಮೇಲೆ ಸುರುಳಿ ಸುತ್ತಿಕೊಂಡು ಬಿದ್ದು, ತಲೆಯಷ್ಟು ದಪ್ಪದ ಮುದ್ದೆಯಾಗಿ ಗಟ್ಟಿಯಾಗುತ್ತದೆ. ಕೊಳಕು ಕೊಳವೆ ಬಿಟ್ಟುಹೋದವರು ಯಾರೆಂದು ಪಾಳಿ ಪಾಳಿಗೂ ಜಗಳವಾಗುತ್ತಿತ್ತಂತೆ. ಅದಕ್ಕೆ ಹಳಬರು ಒಂದು ಪದ್ಧತಿ ಮಾಡಿಕೊಂಡಿದ್ದರು: ಮುದ್ದೆ ಬಿಸಿಯಿರುವಾಗಲೇ ಅದರ ನೆತ್ತಿಯ ಮೇಲೆ ಆಪರೇಟರ್ ತನ್ನ ಗುರುತು ಒತ್ತಬೇಕು. ಒಬ್ಬ ಬೋಲ್ಟಿನ ತಲೆ ಒತ್ತುತ್ತಿದ್ದ, ಇನ್ನೊಬ್ಬ ಅಂಗಿಯ ಗುಂಡಿ. ದೊಡ್ಡಣ್ಣನದು ಮನೆಯ ಬೀಗದ ಕೈ.

ಮುದ್ದೆಗಳನ್ನು ವಾರಕ್ಕೊಮ್ಮೆ ಗ್ರೈಂಡರಿಗೆ ಹಾಕಿ ಮತ್ತೆ ಕಾಳು ಮಾಡುತ್ತಿದ್ದವನು ಆ ಅಳಿಯನೇ. ಅವನು ಲಾಕಪ್ಪಿಗೆ ಹೋದ, ಮುದ್ದೆಗಳು ಡ್ರಮ್ಮಿನಲ್ಲೇ ಉಳಿದವು. ಹಗ್ಗ ಕೊರಳಿಗೆ ಬಿದ್ದದ್ದರಿಂದಲೇ ಹಗ್ಗ ಕೊಯ್ಯುವ ಚಾಕು ಉಳಿದುಕೊಂಡಂತಾಯಿತು.

ಮೂರನೇ ಮೆಷಿನ್ನಿನ ಡ್ರಮ್ಮು ಬೇಕು ಎಂದು ಮೇಷ್ಟ್ರು ಕೇಳಿದಾಗ ಮಗಳು, ಅದರಲ್ಲೇನಿದೆ, ಬರೀ ಕಸ ಎಂದಿದ್ದಳು. ಆದರೂ ತೋರಿಸಿದ್ದಳು. ಮದುವೆಗೆ ಮುಂಚೆ ನಾಲ್ಕು ವರ್ಷ ಇದೇ ಮೆಷಿನ್ನು ನಡೆಸಿದವಳು. ಇಲ್ಲಿನ ಮೊಳೆ ಮೊಳೆಯೂ ಅವಳಿಗೆ ಗೊತ್ತು. ದೊಡ್ಡಣ್ಣ ಸತ್ತ ಮೇಲೆ ಆ ಮೆಷಿನ್ನು ಓಡಿಲ್ಲ. ಹಾಗಾಗಿ ಡ್ರಮ್ಮಿನಲ್ಲಿ ಎಲ್ಲಕ್ಕಿಂತ ಮೇಲಿದ್ದ ಮುದ್ದೆ ಆ ಮಧ್ಯಾಹ್ನದ್ದು. ಅದು ಮಕಾಡೆ ಬಿದ್ದಿತ್ತು. ಮೇಷ್ಟ್ರು ಅದನ್ನು ಹಾಗೇ ಎತ್ತಿ ತಂದು, ಪಕ್ಕದಿಂದ ಎರಡು ಹೋಳು ಕೊಯ್ದಿದ್ದರು.

"ಬಾಮ್ಮ, ನಿನ್ನ ಮೂಗು ಸಾಲ ಕೊಡು," ಎಂದು ಮೇಷ್ಟ್ರು ಸ್ಪಿರಿಟ್ ದೀಪ ಹಚ್ಚಿದರು.

ಅವರ ಮೂಗು ಸತ್ತು ಹದಿನೈದು ವರ್ಷವಾಗಿತ್ತು. ಅದಕ್ಕೂ ಮುಂಚೆ ಅವರು ಎಣ್ಣೆ ಶುದ್ಧೀಕರಣದ ಪ್ರಯೋಗಾಲಯದಲ್ಲಿದ್ದರು. ಕಚ್ಚಾ ಎಣ್ಣೆ ಕಾಯುತ್ತಾ ಮೊದಲು ಪೆಟ್ರೋಲು, ಆಮೇಲೆ ಸೀಮೆಎಣ್ಣೆ, ಆಮೇಲೆ ಡೀಸೆಲ್ಲು ಎಂದು ಒಂದೊಂದೇ ಆವಿಯಾಗಿ ಬೇರೆಯಾಗುವಾಗ, ಥರ್ಮಾಮೀಟರು ಹೇಳುವ ಮೊದಲೇ ಅವರ ಮೂಗು ಹೇಳುತ್ತಿತ್ತು. ಒಂದು ದಿನ ಮುಖದ ಮುಂದೆಯೇ ಫ್ಲಾಸ್ಕು ಸಿಡಿಯಿತು. ಮುಖ ಉಳಿಯಿತು, ಮೂಗು ಲೆಕ್ಕಕ್ಕೆ ಮಾತ್ರ ಉಳಿಯಿತು. ಆಮೇಲೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟರು. ಜೋಳಿಗೆಯ ತುಂಬ ಸೀಸೆ ಹೊತ್ತು ತಿರುಗುತ್ತಿದ್ದರಿಂದ ಮಕ್ಕಳು ಇಟ್ಟ ಹೆಸರು ಸೀಸೆ ಮೇಷ್ಟ್ರು.

ಇಕ್ಕಳದಲ್ಲಿ ಬಿಳಿ ಚೂರನ್ನು ಹಿಡಿದು ಜ್ವಾಲೆಗೆ ಒಡ್ಡಿದರು. ತಳದಲ್ಲಿ ನೀಲಿ, ಮೇಲೆ ಹಳದಿಯಾಗಿ ಹತ್ತಿಕೊಂಡು ತೊಟ್ಟು ತೊಟ್ಟಾಗಿ ಸುರಿಯಿತು. ಊದಿ ಆರಿಸಿ ಅವಳತ್ತ ಹಿಡಿದರು.

"ಮೇಣದಬತ್ತಿ ಆರಿಸಿದ ಹಾಗೆ," ಎಂದಳು ಅವಳು.

ಸರಿಯಾಗಿತ್ತು. ಮೇಣವೂ ಪಾಲಿಥಿನ್ನೂ ಒಂದೇ ಬಳ್ಳಿಯ ಕುಡಿಗಳು. ಎರಡೂ ಪೆಟ್ರೋಲಿಯಮ್ಮಿನ ಮಕ್ಕಳು. ಇಂಗಾಲ, ಜಲಜನಕ ಬಿಟ್ಟರೆ ಎರಡರಲ್ಲೂ ಬೇರೇನಿಲ್ಲ. ಮೇಣದ ಸರಪಳಿಯಲ್ಲಿ ಇಪ್ಪತ್ತು ಮೂವತ್ತು ಇಂಗಾಲದ ಕೊಂಡಿಗಳಿದ್ದರೆ, ಪಾಲಿಥಿನ್ನಿನದರಲ್ಲಿ ಸಾವಿರಾರು. ಅಷ್ಟೇ ವ್ಯತ್ಯಾಸ. ಕ್ಲಾಸಿನಲ್ಲಿ ಮೇಷ್ಟ್ರು, ಮೊಮ್ಮಗಳ ಮೋಟುಜಡೆ ಮತ್ತು ಅಜ್ಜಿಯ ಉದ್ದಜಡೆ, ಕೂದಲು ಒಂದೇ ಮನೆತನದ್ದು ಎನ್ನುತ್ತಿದ್ದರು.

ಈಗ ಕಂದು ಚೂರು. ಅದು ಹತ್ತಿಕೊಳ್ಳಲು ತಕರಾರು ಮಾಡಿತು. ಕಪ್ಪು ಹೊಗೆ ಬಿಟ್ಟಿತು. ದೀಪದಿಂದ ಈಚೆ ತಂದೊಡನೆ ತಾನಾಗಿಯೇ ಆರಿತು.

"ಇದು?"

ಅವಳು ಮುಖ ಹತ್ತಿರ ತಂದಳು. ತಂದವಳೇ ತಟಕ್ಕನೆ ಹಿಂದಕ್ಕೆ ಸರಿದು, ಕೆಮ್ಮನ್ನು ತೋಳಿನಲ್ಲಿ ಅದುಮಿಕೊಂಡಳು. ಕಣ್ಣಲ್ಲಿ ನೀರು ತುಂಬಿತ್ತು. ಜಾರಿದ ಕೂದಲನ್ನು ಕಿವಿಯ ಮೇಲಕ್ಕೆ ಸರಿಸಿ ಹೇರ್‌ಪಿನ್ ಸಿಕ್ಕಿಸಿಕೊಳ್ಳುತ್ತಾ, "ಅದೂ ಅದೇ. ಮೇಣದಬತ್ತಿ," ಎಂದಳು.

ಮೇಷ್ಟ್ರು ತಲೆಯಾಡಿಸಿದರು. ಅವಳು ಸುಳ್ಳು ಹೇಳಿದ್ದು ಅವರಿಗೆ ತಿಳಿಯಿತು, ಯಾಕೆಂದು ತಿಳಿಯಲಿಲ್ಲ. ಗಂಡನನ್ನು ಬಿಡಿಸಿಕೊಡಿ ಎಂದು ಕಾಲು ಹಿಡಿದವಳು, ಬಿಡಿಸುವ ದಾರಿ ಕಂಡಾಗ ಅದಕ್ಕೆ ಮುಳ್ಳು ಹಾಕುವುದೇಕೆ?

ಜೋಳಿಗೆಯಿಂದ ತಾಮ್ರದ ತಂತಿ ತೆಗೆದು, ಕೆಂಪಗೆ ಕಾಯಿಸಿ, ಕಂದು ಚೂರಿಗೆ ಮುಟ್ಟಿಸಿ ಮತ್ತೆ ಜ್ವಾಲೆಗೆ ಹಿಡಿದರು. ದೀಪದ ನಾಲಗೆ ಗಿಳಿಹಸಿರಾಯಿತು.

ಗೋಡೆಯ ಸಾಲಿನಲ್ಲಿ ಅಗಿಯುತ್ತಿದ್ದ ಬಾಯಿಗಳು ನಿಂತವು. ಅವರೂ ಪ್ಲಾಸ್ಟಿಕ್ಕಿನಲ್ಲಿ ಕೂದಲು ನರೆಸಿದವರೇ. ಆ ಹಸಿರು ಏನೆಂದು ಅವರಿಗೆ ಯಾರೂ ಹೇಳಬೇಕಿರಲಿಲ್ಲ.

ಪಿ.ವಿ.ಸಿ. ಪೈಪು ಮಾಡುವ ಪ್ಲಾಸ್ಟಿಕ್ಕು. ಅದರ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಕೊಂಡಿಗೆ ಕ್ಲೋರಿನ್ ಜೋತುಬಿದ್ದಿರುತ್ತದೆ. ಪಾಲಿಥಿನ್ ಮೆಷಿನ್ನಿನ ಇನ್ನೂರು ಡಿಗ್ರಿ ಅದಕ್ಕೆ ತಡೆಯದು. ಕ್ಲೋರಿನ್ನು ಪಕ್ಕದ ಜಲಜನಕದ ಕೈ ಹಿಡಿದು ಅನಿಲವಾಗಿ ಓಡಿಹೋಗುತ್ತದೆ. ಆ ಅನಿಲ ಗಂಟಲಿನ ತೇವ ಸಿಕ್ಕಿದ ಕಡೆ ಆಸಿಡ್ಡಾಗುತ್ತದೆ. ಡಾಕ್ಟರು ದೊಡ್ಡಣ್ಣನ ಗಂಟಲು, ಶ್ವಾಸಕೋಶ ಬೆಂದಿವೆ ಎಂದು ಬರೆದದ್ದನ್ನು ಪೊಲೀಸರು ಹೊಗೆ ಎಂದು ಓದಿಕೊಂಡಿದ್ದರು. ಹೊಗೆಯಲ್ಲ. ಯಾರೋ ಪೈಪಿನ ಪುಡಿಯನ್ನು ದೊಡ್ಡಣ್ಣನ ಲಾಳಿಕೆಗೆ ಸುರಿದಿದ್ದರು.

"ಆಯ್ತಾ ದೀಪಾರಾಧನೆ?"

ಮ್ಯಾನೇಜರ್ ಬಂದು ನಿಂತಿದ್ದ. ದೊಡ್ಡಣ್ಣನ ಒಡಹುಟ್ಟಿದ ತಮ್ಮ, ಅವಳಿಗೆ ಚಿಕ್ಕಪ್ಪ. ಅಣ್ಣ ತಮ್ಮ ಒಂದೇ ದಿನ ಇಲ್ಲಿ ಕೆಲಸಕ್ಕೆ ಸೇರಿದವರು. ಅಣ್ಣ ಮೆಷಿನ್ನಿನ ಹತ್ತಿರವೇ ಉಳಿದ, ತಮ್ಮ ಗಾಜಿನ ಕೋಣೆಗೆ ಏರಿದ. ಹನ್ನೊಂದು ವರ್ಷ ಇಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ.

ಹೊಗೆಯ ಎಳೆಯೊಂದು ಅವಳ ಕಡೆ ತಿರುಗಿತ್ತು. ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡೇ ಸ್ಪಿರಿಟ್ ದೀಪವನ್ನು ಕಾಲಿನಿಂದ ಆಚೆಗೆ ಸರಿಸಿದ. ಆಮೇಲೆ ಮೇಷ್ಟ್ರಿಗೆ, ಪ್ಲಾಸ್ಟಿಕ್ ಕಾರ್ಖಾನೆಯ ಹಿತ್ತಲಲ್ಲಿ ಬೆಂಕಿ ಹಚ್ಚುವವರು ಮೇಷ್ಟ್ರೋ ಮಂಗವೋ ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿದ. ಗೋಡೆಯ ಸಾಲು ನಕ್ಕಿತು.

ಮೇಷ್ಟ್ರು ಜೋಳಿಗೆಯಿಂದ ಒಂದು ಕಾಗದ, ಒಂದು ಫೋಟೋ ತೆಗೆದರು. ಎರಡೂ ಪೊಲೀಸರು ಮಗಳಿಗೆ ಕೊಟ್ಟ ನಕಲು.

"ಇದು ನೀವು ಕೊಟ್ಟ ಹೇಳಿಕೆ. ಎರಡು ಗಂಟೆಗೆ ಚಿಲಕ ತೆಗೆದೆ, ಒಳಗೆಲ್ಲ ಮೇಣದಬತ್ತಿ ಆರಿಸಿದ ವಾಸನೆ ಇತ್ತು, ಅಣ್ಣ ನೆಲದ ಮೇಲಿದ್ದ. ಸರೀನಾ?"

"ಸರಿ."

"ಈ ಕಂದು ಚೂರು ಬೆಂದ ಕೋಣೆಗೆ ಕಾಲಿಟ್ಟವರಿಗೆ ಮೇಣದ ವಾಸನೆ ಬರಲ್ಲ ಸ್ವಾಮಿ. ಕಣ್ಣು ಉರಿದು ಆಚೆ ಓಡಬೇಕು. ನೀವು ಆ ಬಾಗಿಲು ತೆಗೆದೇ ಇಲ್ಲ. ಇಲ್ಲಾ ತೆಗೆದವರು ಬೇರೆ. ಕ್ಯಾನು ಮಾಡೋ ಕಡೆ ಯಾವಾಗಲೂ ಮೇಣದ ವಾಸನೆ ತಾನೇ ಅಂತ ರೂಢಿ ಮೇಲೆ ಬರೆಸಿಬಿಟ್ರಿ."

"ಮೂಗಿಲ್ಲದವರು ನನ್ನ ಮೂಗಿಗೆ ಸರ್ಟಿಫಿಕೇಟ್ ಕೊಡ್ತಿದ್ದೀರಾ?"

ಈ ಸಲ ನಗು ಜೋರಾಗಿತ್ತು. ಮೇಷ್ಟ್ರೂ ಸಣ್ಣಗೆ ನಕ್ಕರು. ಹದಿನೈದು ವರ್ಷದಲ್ಲಿ ಈ ಹಾಸ್ಯ ಅವರಿಗೆ ಚಪ್ಪಲಿಯಷ್ಟು ಹಳತಾಗಿತ್ತು. ಫೋಟೋವನ್ನು ಮುಂದೆ ಹಿಡಿದರು. ದೊಡ್ಡಣ್ಣ ಅಂಗಾತ ಮಲಗಿದ್ದ. ತಲೆಯ ಕೆಳಗೆ ಮಡಚಿದ ಚೀಲವಿತ್ತು.

"ಈ ದಿಂಬು ಕೊಟ್ಟವರು ಯಾರು?"

"ನಾನಲ್ಲ. ನಾನು ನೋಡಿದಾಗಲೇ ಇತ್ತು." ತಲೆ ಸುತ್ತಿದ್ದಕ್ಕೆ ಅವನೇ ಹಾಕಿಕೊಂಡು ಮಲಗಿರಬೇಕು ಎಂದು ಇನ್ಸ್‌ಪೆಕ್ಟರು ಹೇಳಿದ್ದನ್ನೂ ಮ್ಯಾನೇಜರ್ ಸೇರಿಸಿದ.

ಉಸಿರು ಕಟ್ಟಿ ಒದ್ದಾಡುವವನು ಬಾಗಿಲು ಬಡಿಯುತ್ತಾನೆಯೇ ಹೊರತು, ನಿಧಾನವಾಗಿ ಚೀಲ ಮಡಚಿ ದಿಂಬು ಮಾಡಿಕೊಳ್ಳುವುದಿಲ್ಲ. ಮೇಷ್ಟ್ರು ಅದನ್ನು ಬಾಯಿಬಿಟ್ಟು ಹೇಳಿದರು. ಗೋಡೆಯ ಸಾಲಿನಲ್ಲಿ ನಗು ಸತ್ತಿತು.

ಮ್ಯಾನೇಜರನ ಮುಖ ಕಪ್ಪಿಟ್ಟಿತು. ಅವನು ಒಂದು ಹೆಜ್ಜೆ ಮುಂದೆ ಬಂದು, ಹೇಳಬೇಕಾದದ್ದನ್ನು ಹಲ್ಲಿನ ನಡುವಿನಿಂದ ಹೇಳಿದ. ಅಣ್ಣನ ಜತೆ ಮಾತು ಬಿಟ್ಟಿದ್ದು ನಿಜ. ಪೊಲೀಸರು ಫೋಟೋ ತೆಗೆದ ಮೇಲೆ ಅವನನ್ನು ಹೊತ್ತು ಆಚೆ ತಂದವನು ತಾನು. ಅಂಗಾಲು ಮುಟ್ಟಿ ನೋಡಿದವನು ತಾನು. ಆ ಕೋಣೆಯಲ್ಲಿ ಅವತ್ತು ಇದ್ದದ್ದು ಮೇಣದ ವಾಸನೆಯೇ. ಮೇಲಿನ ಫ್ಯಾನು ತಿರುಗುತ್ತಿತ್ತು, ಮೆಷಿನ್ನು ನಿಂತಿತ್ತು. "ಅಣ್ಣನಾಣೆ. ಇನ್ನು ನಂಬೋದು ಬಿಡೋದು ನಿಮ್ಮಿಷ್ಟ. ಎರಡಕ್ಕೆ ಡ್ರಮ್ಮು ಕೊಡಿ, ಗೇಟು ಅಲ್ಲಿದೆ."

ಸುಳ್ಳು ಹೇಳುವವನು ಕೇಳುವವರ ಮುಖ ನೋಡುತ್ತಾನೆ. ಮ್ಯಾನೇಜರ್ ನೋಡುತ್ತಿದ್ದದ್ದು ಫೋಟೋವನ್ನು. ಹನ್ನೊಂದು ವರ್ಷ ಮಾತಾಡದ ಅಣ್ಣನ ಮುಖವನ್ನು. ಮೇಷ್ಟ್ರಿಗೆ ಮೊದಲ ಸಲ ತಮ್ಮ ಲೆಕ್ಕ ಎಲ್ಲೋ ತಪ್ಪಿದೆ ಎನಿಸಿತು.

ಫ್ಯಾನು ತಿರುಗುತ್ತಿತ್ತು. ಹಾಗಾದರೆ ಅನಿಲವೆಲ್ಲ ಹೊರಗೆ ಹೋಗಿರಬಹುದು. ಅದು ಹೋದ ಮೇಲೆ ಮೇಣದ ವಾಸನೆ ಎಲ್ಲಿಂದ ಬಂತು?

ಅವರು ಮುದ್ದೆಯನ್ನು ಎತ್ತಿ ಬಿಸಿಲಿಗೆ ತಂದು, ಕೊಯ್ದ ಮಗ್ಗುಲನ್ನು ತಿರುಗಿಸಿದರು. ಮರ ಕೊಯ್ದರೆ ಅದರ ವಯಸ್ಸು ಕಾಣುವ ಹಾಗೆ ಮುದ್ದೆಯ ಮಧ್ಯಾಹ್ನವೆಲ್ಲ ಅಲ್ಲಿ ಪದರ ಪದರವಾಗಿ ಕಂಡಿತು. ತಳದಲ್ಲಿ ಬಿಳಿ. ಅದರ ಮೇಲೆ ಸುಟ್ಟ ಕಂದು. ಅದರ ಮೇಲೆ, ಮೂರು ಬೆರಳು ದಪ್ಪ, ಮತ್ತೆ ಬಿಳಿ. ಹಾಲಿನಂಥ ಬಿಳಿ.

ಕಂದಿನ ಮೇಲೆ ಬಿಳಿ. ಎಂದರೆ ವಿಷ ಕಾರಿದ ಮೇಲೆ ಯಾರೋ ಬಂದು ಒಳ್ಳೆಯ ಕಾಳು ಸುರಿದು, ಕೊಳವೆ ತೊಳೆದಿದ್ದಾರೆ. ಹತ್ತು ನಿಮಿಷವಾದರೂ ಬೇಕು. ಮೆಷಿನ್ನು ಗೊತ್ತಿರುವ ಕೈಯೂ ಬೇಕು.

"ನಿಮ್ಮ ಮೂಗು ಸರಿಯಾಗಿಯೇ ಇದೆ," ಎಂದರು ಮೇಷ್ಟ್ರು. "ಕ್ಷಮಿಸಿ."

ಮ್ಯಾನೇಜರ್ ಇದನ್ನು ನಿರೀಕ್ಷಿಸಿರಲಿಲ್ಲ.

ಮೇಷ್ಟ್ರು ಮುದ್ದೆಯನ್ನು ಮಗುಚಿದರು. ಒಂಬತ್ತು ದಿನ ಮಕಾಡೆ ಬಿದ್ದಿದ್ದ ಅದರ ನೆತ್ತಿಗೆ ಮಸಿ, ಧೂಳು ಮೆತ್ತಿತ್ತು. ಬಕೆಟ್ಟಿನಿಂದ ನೀರು ಚಿಮುಕಿಸಿ ಹೆಬ್ಬೆರಳಿನಿಂದ ಉಜ್ಜಿದರು. ಬೀಗದ ಕೈಯ ಹಲ್ಲು ಕಾಣಲಿಲ್ಲ. ಬೋಲ್ಟಿನ ಆರು ಮೂಲೆಯೂ ಅಲ್ಲ, ಗುಂಡಿಯ ನಾಲ್ಕು ತೂತೂ ಅಲ್ಲ. ಕಿರುಬೆರಳುದ್ದದ ಎರಡು ಗೆರೆಗಳು ಜೋಡಿಯಾಗಿ ಮೂಡಿದ್ದವು. ಒಂದು ನೆಟ್ಟಗೆ, ಇನ್ನೊಂದು ಅಲೆ ಅಲೆಯಾಗಿ.

ಇದು ಯಾರ ಗುರುತು ಎಂದು ಕೇಳಲು ಮೇಷ್ಟ್ರು ತಲೆ ಎತ್ತುವಷ್ಟರಲ್ಲಿ ಒಂದು ದಪ್ಪ ಅಂಗೈ ಬಂದು ಆ ಗೆರೆಗಳ ಮೇಲೆ ಮುಚ್ಚಿಕೊಂಡಿತು. ಮ್ಯಾನೇಜರನದು.

"ಇದು ಗ್ರೈಂಡರಿಗೆ ಹೋಗೋ ಮಾಲು," ಎಂದ. ಈಗ ಅವನ ದನಿ ಗೋಡೆಯ ಸಾಲಿಗೆ ಕೇಳುವಂತಿರಲಿಲ್ಲ. "ಕೊಡಿ ಇಲ್ಲಿ."

"ಎರಡು ಗಂಟೆಗೆ ಇನ್ನೂ ಹತ್ತು ನಿಮಿಷ ಇದೆ."

"ಅಣ್ಣ ಹೋದ. ಅಳಿಯ ನಾಳೆ ಹೋಗ್ತಾನೆ. ಇನ್ನು ಯಾರನ್ನ ಕಳಿಸಬೇಕು ಅಂತ ಬಂದಿದ್ದೀರಿ ನೀವು?" ಅಂಗೈ ಅಲುಗಲಿಲ್ಲ. "ಪೈಪಿನ ಪುಡಿ ನಾನೇ ಹಾಕಿದೆ ಅಂತ ಬರ್ಕೊಳ್ಳಿ. ಜಗಳ ಇತ್ತಲ್ಲ, ಎಲ್ಲರಿಗೂ ಗೊತ್ತು. ಬರ್ಕೊಳ್ಳಿ."

ಬೆಳಗಿನಿಂದ ಹಲ್ಲು ಕಡಿಯುತ್ತಿದ್ದ ಮನುಷ್ಯ ಹೀಗೆ ಕತ್ತು ಒಡ್ಡಿ ನಿಂತದ್ದು ಯಾರಿಗಾಗಿ? ಮೇಷ್ಟ್ರು ನಿಧಾನವಾಗಿ ಪಕ್ಕಕ್ಕೆ ತಿರುಗಿದರು. ದೊಡ್ಡಣ್ಣನ ಮಗಳ ಕೈ ಕಿವಿಯ ಮೇಲಿತ್ತು. ಅವಳ ಬೆರಳು ಹೇರ್‌ಪಿನ್ನನ್ನು ಹಿಡಿದುಕೊಂಡಿತ್ತು. ಪಿನ್ನಿನ ಒಂದು ಕಾಲು ನೆಟ್ಟಗೆ, ಇನ್ನೊಂದು ಅಲೆ ಅಲೆಯಾಗಿ.

"ಕೈ ತೆಗೀರಿ ಚಿಕ್ಕಪ್ಪ," ಎಂದಳು ಅವಳು. "ನಂದೇ ಗುರುತು."

ನಾಲ್ಕು ವರ್ಷ ದಿನಕ್ಕೊಮ್ಮೆ ಒತ್ತಿದ ಗುರುತು. ಮದುವೆಯಾಗಿ ಮೆಷಿನ್ನು ಬಿಟ್ಟರೂ ಕೈ ಬಿಟ್ಟಿರಲಿಲ್ಲ. ಮುಚ್ಚಿಡಲು ಮಾಡಿದ ಕೆಲಸಕ್ಕೂ ಆ ಕೈ, ಯಜಮಾನಿಯನ್ನು ಕೇಳದೆ, ರುಜು ಹಾಕಿಬಿಟ್ಟಿತ್ತು. ತಾನು ಒತ್ತಿದ್ದೇ ಅವಳಿಗೆ ನೆನಪಿರಲಿಲ್ಲವಂತೆ. ಇವತ್ತು ಮುದ್ದೆ ಬಿಸಿಲಿಗೆ ಬಂದಾಗ ನೆನಪಾಯಿತಂತೆ.

ಅವಳು ಹೇಳಿದ್ದು ಇಷ್ಟು. ಆ ದಿನ ಒಂದೂಕಾಲು ಗಂಟೆಗೆ ಅಪ್ಪನ ಊಟದ ಡಬ್ಬಿ ತಂದಿದ್ದಳು. ಎಲ್ಲರೂ ಮುಂದಿನ ಅಂಗಳದಲ್ಲಿ ಊಟಕ್ಕೆ ಕೂತಿದ್ದರು. ಮೂರನೇ ಕೋಣೆಯ ಬಾಗಿಲು ತೆರೆದಾಗ ಒಳಗೆ ಬಿಳಿ ಹೊಗೆ, ಉಸಿರೆಳೆದರೆ ಎದೆಗೆ ಸೂಜಿ. ವಾಸನೆಯಿಂದಲೇ ಗೊತ್ತಾಯಿತು, ಪೈಪಿನ ಪುಡಿ ಎಂದು. ಗುಜರಿಯಿಂದ ಬರುವ ಹಳೇ ಪೈಪನ್ನೂ ಗ್ರೈಂಡರಿನಲ್ಲಿ ಪುಡಿ ಮಾಡುವವನು ತನ್ನ ಗಂಡ. ಮಾವ ಅಳಿಯ ಆಗಲೇ ಅದೇ ಬಾಗಿಲಲ್ಲಿ ಕಿತ್ತಾಡಿದ್ದರು. ಗಂಡ ಚೀಲ ಅದಲು ಬದಲು ಮಾಡಿದ್ದಾನೆ, ಅಪ್ಪನಿಗೆ ತಿಳಿದರೆ ಕೆಲಸದಿಂದ ತೆಗೆಸುತ್ತಾನೆ ಎಂದುಕೊಂಡಳು. ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡು, ಫ್ಯಾನು ಹಾಕಿ, ಒಳ್ಳೆಯ ಕಾಳು ಸುರಿದು ಕೊಳವೆ ತೊಳೆದಳು. ಮುದ್ದೆಯನ್ನು ಡ್ರಮ್ಮಿಗೆ ಹಾಕಿದಳು. ಉಳಿದ ಹೊಗೆಗೆ ಗೊತ್ತಿಲ್ಲದೆ ಯಾರೂ ನುಗ್ಗದಿರಲಿ ಎಂದು ಹೊರಗಿನಿಂದ ಚಿಲಕ ಹಾಕಿ, ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಮನೆಗೆ ಹೋದಳು.

ಆ ಚಿಲಕವೇ ಗಂಡನ ಕೈಗೆ ಬೇಡಿಯಾಯಿತು. ಈಗ ಸತ್ಯ ಹೇಳಿದರೆ ಪೈಪಿನ ಪುಡಿಯೇ ಅವನ ಕೊರಳಿಗೆ ಬರುತ್ತದೆ. ಹೇಳದಿದ್ದರೆ ಚಿಲಕ ಬರುತ್ತದೆ. ಅತ್ತ ದರಿ, ಇತ್ತ ಪುಲಿ. ಅದಕ್ಕೇ ಇವತ್ತು ಅವಳ ಮೂಗು ಸುಳ್ಳು ಹೇಳಿತ್ತು.

ಮ್ಯಾನೇಜರ್ ಮುದ್ದೆಯ ಮೇಲಿಂದ ಕೈ ತೆಗೆದು ತನ್ನ ತಲೆಗೆ ಇಟ್ಟುಕೊಂಡ.

"ನಿಮ್ಮಪ್ಪ ಅಲ್ಲೇ ಬಿದ್ದಿದ್ದರಲ್ಲಮ್ಮ," ಎಂದರು ಮೇಷ್ಟ್ರು, ಆದಷ್ಟು ಮೆತ್ತಗೆ. "ಅವರ ಪಕ್ಕದಲ್ಲೇ ನಿಂತು ಮೆಷಿನ್ನು ತೊಳೆದೆಯಾ? ತಲೆ ಕೆಳಗೆ ಆ ಚೀಲ ನೀನೇ ಇಟ್ಟೆಯಾ?"

ಅವಳು ಅವರನ್ನು ಅರ್ಥವಾಗದವಳಂತೆ ನೋಡಿದಳು.

"ಅಪ್ಪ ಅಲ್ಲಿ ಇರ್ಲಿಲ್ಲ ಮೇಷ್ಟ್ರೇ. ಮುಖ ತೊಳ್ಕೊಳ್ಳೋಕೆ ಹೋಗಿರ್ಬೇಕು ಅಂದ್ಕೊಂಡೆ. ನಾನು ಚಿಲಕ ಹಾಕಿದಾಗ ಆ ಕೋಣೇಲಿ ಯಾರೂ ಇರ್ಲಿಲ್ಲ."

ಮ್ಯಾನೇಜರ್ ಕಣ್ಣೆತ್ತಿದ. ಚಿಲಕ ತೆಗೆದವನು ಅವನು. ಒಳಗೆ ಅಣ್ಣನನ್ನು ಕಂಡವನೂ ಅವನೇ.

ಒಂದೂವರೆಗೆ ಖಾಲಿಯಿದ್ದ ಕೋಣೆ. ಎರಡಕ್ಕೆ ಹೆಣವಿದ್ದ ಕೋಣೆ. ನಡುವಿನ ಅರ್ಧ ಗಂಟೆಯಲ್ಲಿ ಯಾರೋ ಚಿಲಕ ತೆಗೆದು, ದೊಡ್ಡಣ್ಣನನ್ನು ಒಳಗೆ ತಂದು ಮಲಗಿಸಿ, ತಲೆಗೆ ನೋವಾಗದಿರಲಿ ಎಂಬಂತೆ ಚೀಲ ಇಟ್ಟು, ಮತ್ತೆ ಚಿಲಕ ಹಾಕಿ ಹೋಗಿದ್ದರು.

ಮೇಷ್ಟ್ರು ಕೂರಲೆಂದು ಸ್ಟೂ‌ಲಿಗೆ ಕೈ ಚಾಚಿದರು. ಕೈ ಹಾಗೇ ನಿಂತಿತು.

ಸ್ಟೂ‌ಲಿನ ಮೇಲಿನ ಚೀಲವನ್ನು ಅವರು ಬೆಳಗಿನಿಂದ ಸರಿಯಾಗಿ ನೋಡಿಯೇ ಇರಲಿಲ್ಲ. ನಾಲ್ಕು ಮಡಿಕೆ. ಬಿಚ್ಚಿಕೊಳ್ಳದಿರಲೆಂದು ಕೊನೆಯ ಅಂಚನ್ನು ಲಕೋಟೆಯ ಬಾಯಿಯ ಹಾಗೆ ಮುಕ್ಕೋಣ ಮಾಡಿ ಒಳಗೆ ಸಿಕ್ಕಿಸಿತ್ತು. ಫೋಟೋವನ್ನು ಕಣ್ಣಿನ ಹತ್ತಿರ ತಂದರು. ದೊಡ್ಡಣ್ಣನ ಕಿವಿಯ ಕೆಳಗೆ, ಚೀಲದ ಅಂಚು, ಅದೇ ಮುಕ್ಕೋಣ.

ಇಲ್ಲಿ ಚೀಲ ಮಡಚುವುದನ್ನೇ ಕೆಲಸ ಮಾಡಿಕೊಂಡವರು ಒಬ್ಬರೇ. ಗುರುತು ಒತ್ತುವ ಕೈ ದೊಡ್ಡಣ್ಣನ ಮಗಳದೊಂದೇ ಅಲ್ಲ.

ಎರಡರ ಗಂಟೆ ಹೊಡೆಯಿತು. ಗೋಡೆಯ ಸಾಲು ಡಬ್ಬಿ ಮುಚ್ಚಿ ಎದ್ದಿತು. ಪ್ಯಾಕಿಂಗ್ ಕೋಣೆಯ ಬಾಗಿಲು ತೆರೆಯಿತು. ಅದು ಮೂರನೇ ಕೋಣೆಗೆ ನೇರ ಎದುರು ಎಂಬುದನ್ನು ಮೇಷ್ಟ್ರು ಈಗಷ್ಟೇ ಗಮನಿಸಿದರು. ಉಸಿರು ಕಟ್ಟಿದ ದೊಡ್ಡಣ್ಣ ಆಚೆ ಓಡಿದ್ದರೆ ಅವನಿಗೆ ಮೊದಲು ಸಿಗುವ ಬಾಗಿಲು ಅದೇ.

ಅಕ್ಕ ಕೈಯಲ್ಲಿ ನೀರಿನ ಲೋಟ ಹಿಡಿದು ಬಂದಳು. ಅಳುತ್ತಿದ್ದ ಹುಡುಗಿಯ ತಲೆ ಸವರಿದಳು. ಆಮೇಲೆ ನಿಂತೇ ಇದ್ದ ಮೇಷ್ಟ್ರನ್ನು ನೋಡಿ, ಬೆಳಗಿನ ಅದೇ ಮೃದು ದನಿಯಲ್ಲಿ ಕೇಳಿದಳು:

"ಯಾಕೆ ಸರ್, ಇನ್ನೂ ನಿಂತೇ ಇದ್ದೀರಿ? ಚೀಲ ಒತ್ತುತ್ತಾ? ಇನ್ನೊಂದು ಮಡಚಿ ತರ್ಲಾ?"